ಹಿಂಜರಿತಕಾಲೀನ ಉದ್ಯೋಗಾನ್ವೇಷಣ ಸೂತ್ರಗಳು (ಸಭಾಷ್ಯ)

ಪೀಠಿಕೆ: 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ತತ್ಫಲವಾಗಿ ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಮೊದಲು ಮಾಯವಾದದ್ದು ಟೀ ಜೊತೆಗಿನ ಬಿಸ್ಕೆಟ್ಟು, ಆಮೇಲೆ ಬೋನಸ್ಸು, ಕೊನೆಗೆ ಬಿಸ್ಕೆಟ್ಟು ತಿನ್ನುತ್ತಿದ್ದವರು. ಈ ಕಾರ್ಯಕಾರಣ ಸಂಬಂಧದಿಂದಲೇ ಪ್ರಸ್ತುತ ಶಾಸ್ತ್ರ ಹುಟ್ಟಿತು. ಪ್ರಾಜೆಕ್ಟಿಲ್ಲದೆ ಬೆಂಚಿನ ಮೇಲಿರುವವರೂ ನೋಟಿಸ್ ಪೀರಿಯಡ್‌ನಲ್ಲಿರುವವರೂ ಇದರ ಅಧ್ಯಯನಕ್ಕೆ ಅಧಿಕಾರಿಗಳು. ಸರ್ಕಾರಿ ನೌಕರರಿಗೆ ಅಧಿಕಾರವಿಲ್ಲ.

ಸೂತ್ರ 1: ಬಿಸ್ಕೆಟ್ಟು ನಿಂತಾಗಲೇ ಹುಡುಕತಕ್ಕದ್ದು.

ಭಾಷ್ಯ: ಇಲ್ಲಿ ಪೂರ್ವಪಕ್ಷಿಯ ಆಕ್ಷೇಪ: "ನಮ್ಮ ಪ್ರಾಜೆಕ್ಟಿಗೇನೂ ಆಗಲ್ಲ ಅಂತ ಮ್ಯಾನೇಜರ್ ಹೇಳಿದ್ದಾರಲ್ಲ?" ಸಮಾಧಾನ: ಆ ಮಾತಾಡಿದ ಸಂಜೆಯೇ ಮ್ಯಾನೇಜರ್ ತಮ್ಮ ರೆಸ್ಯೂಮೆ ತಿದ್ದಿರುತ್ತಾರೆ. ಕೆಲಸದಲ್ಲಿದ್ದು ಹುಡುಕುವವನಿಗೆ ಸಂಬಳದ ಚೌಕಾಸಿಗೆ ಬಾಯಿರುತ್ತದೆ. ಕೆಲಸ ಹೋದ ಮೇಲೆ ಆ ಬಾಯಿ ಊಟಕ್ಕಷ್ಟೇ ತೆರೆಯುತ್ತದೆ.

ಸೂತ್ರ 2: ಚುಕ್ಕಿಯಿಂದ ನವಯೌವನ.

ಭಾಷ್ಯ: ನೌಕ್ರಿ ಡಾಟ್ ಕಾಮ್‌ನಲ್ಲಿ ಹೊಸದಾಗಿ ತಿದ್ದಿದ ಪ್ರೊಫೈಲು ಮೇಲೆ ತೇಲುತ್ತದೆಂಬುದು ಗುರುಪರಂಪರೆಯಿಂದ ಬಂದ ನಂಬಿಕೆ. ಆದ್ದರಿಂದ ಸಾಧಕನು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ರೆಸ್ಯೂಮೆಯ ಕೊನೆಗೊಂದು ಚುಕ್ಕಿ ಇಟ್ಟು ಸೇವ್ ಮಾಡುತ್ತಾನೆ. ಮರುದಿನ ಅದೇ ಚುಕ್ಕಿ ಅಳಿಸಿ ಮತ್ತೆ ಸೇವ್ ಮಾಡುತ್ತಾನೆ. ಚುಕ್ಕಿಯಿಂದ ಫೋನು ಬಂದೀತು, ಕೆಲಸ ಬರುವುದು ಅನುಮಾನ. "ನೋಟಿಸ್ ಪೀರಿಯಡ್ ಎಷ್ಟು ಸರ್?" "90 ದಿನ." ಲೈನ್ ಕಟ್. ನಾಳೆಯೇ ಸೇರುತ್ತೇನೆಂದರೆ, "ಹಳೇ ಕೆಲಸ ಯಾಕೆ ಹೋಯ್ತು?" ಶಾಸ್ತ್ರದಲ್ಲಿ ಇದು ಉಭಯಸಂಕಟ; ಲೋಕದಲ್ಲಿ ಅತ್ತ ದರಿ, ಇತ್ತ ಪುಲಿ.

ಸೂತ್ರ 3: ಅಲ್ಪಪರಿಚಿತನೇ ಪರಮಬಂಧು.

ಭಾಷ್ಯ: ಕೆಲಸದ ಸುದ್ದಿ ಆಪ್ತರಿಗಿಂತ ಅಪರೂಪಕ್ಕೆ ಸಿಗುವ ಪರಿಚಿತರಿಂದಲೇ ಹೆಚ್ಚಾಗಿ ಬರುತ್ತದೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಪ್ರಬಂಧದಲ್ಲಿ ವಾದಿಸಿದರು. ಕಾರಣ ಸ್ಪಷ್ಟ: ಆಪ್ತರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತು, ಅವರೂ ಅದೇ ಬೆಂಚಿನ ಮೇಲೆ ಕೂತಿದ್ದಾರೆ. ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ "ಎಲ್ಲಪ್ಪಾ ಕೆಲಸ? ನಮ್ಮ ಷಡ್ಡಕನ ಮಗಾನೂ ಅದೇ ಲೈನು" ಎನ್ನುವ ಹಿರಿಯರು ಪ್ರಬಂಧ ಬರೆಯದೆಯೇ ಈ ಸಿದ್ಧಾಂತವನ್ನು ನಡೆಸಿಕೊಂಡು ಬಂದಿದ್ದಾರೆ. ಎಲೆಯ ಮುಂದೆಯೇ ಆ ಮಗನ ನಂಬರು ಬರೆದುಕೊಳ್ಳುವುದು. ರೆಫರಲ್ ಬೋನಸ್ ಅವನಿಗೂ ಸಿಗಬಹುದಾದ್ದರಿಂದ ಸಂಕೋಚ ಅನಗತ್ಯ.

ಫಲಶ್ರುತಿ: ಈ ಸೂತ್ರಗಳನ್ನು ಪಠಿಸಿದವರಿಗೆ ಕೆಲಸ ಸಿಗುತ್ತದೆಂದು ಶಾಸ್ತ್ರ ಹೇಳುವುದಿಲ್ಲ. ಪಠಣದಿಂದ ಆಗದ್ದು ನಾಲ್ಕು ಫೋನಿನಿಂದ ಆದೀತು. ಇನ್ನು ಕೆಲಸದಲ್ಲಿರುವ ಓದುಗರಿಗೆ ಒಂದೇ ವಿಧಿ: ಹಳೇ ಸಹೋದ್ಯೋಗಿ ರೆಸ್ಯೂಮೆ ಕಳಿಸಿದರೆ "ನೋಡ್ತೀನಿ" ಎಂದು ಸುಮ್ಮನಾಗಬೇಡಿ, ಇವತ್ತೇ ಎಚ್‌ಆರ್‌ಗೆ ದಾಟಿಸಿ.