ಲಿಂಬೆಹಣ್ಣಿನ ಸರ್ವಿಸಿಂಗ್

ಖಂಡೇಪೂಜೆಯ ದಿನ ನಮ್ಮ ಕಡೆಯ ಯಾವ ಊರಿಗೆ ಬೇಕಾದರೂ ಹೋಗಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಟ್ರ್ಯಾಕ್ಟರ್ ಜಳಕ ಮಾಡಿ ನಿಂತಿರುತ್ತದೆ. ಬಾನೆಟ್ಟಿಗೆ ವಿಭೂತಿ. ಸೈಲೆನ್ಸರಿಗೆ ಚೆಂಡುಹೂವಿನ ಮಾಲೆ. ನಾಲ್ಕೂ ಗಾಲಿಯ ಕೆಳಗೆ ಒಂದೊಂದು ಲಿಂಬೆಹಣ್ಣು.

ಅದೂ ಎಂಥ ಲಿಂಬೆ! ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಇಂಡಿ ಲಿಂಬೆ. ಅದರ ಹೆಸರಿನಲ್ಲಿ ಸರ್ಕಾರದ ಅಭಿವೃದ್ಧಿ ಮಂಡಳಿಯೇ ಇದೆ. ಗಾಲಿ ಉರುಳುತ್ತದೆ, ಹಣ್ಣು ಅಪ್ಪಚ್ಚಿಯಾಗುತ್ತದೆ, ಮಂದಿ ಕೈ ಮುಗಿಯುತ್ತಾರೆ. ವರ್ಷದ ಸರ್ವಿಸಿಂಗ್ ಮುಗಿಯಿತು.

ಬಾನೆಟ್ ಮಾತ್ರ ಎತ್ತಬೇಡಿ. ಹಬ್ಬದ ದಿನ ಮನಸ್ಸು ಕೆಡಿಸಿಕೊಳ್ಳಬಾರದು.

ಎಂಜಿನ್ ಆಯಿಲನ್ನು ಹೆಚ್ಚುಕಡಿಮೆ 250 ತಾಸಿಗೊಮ್ಮೆ ಬದಲಿಸಿ ಎಂದು ಕಂಪನಿ ಪುಸ್ತಕ ಅಚ್ಚುಹಾಕಿ ಕೊಟ್ಟಿರುತ್ತದೆ. ಆ ಪುಸ್ತಕ ದೇವರ ಜಗಲಿಯ ಮೇಲಿದೆ. ಅದಕ್ಕೂ ಕುಂಕುಮ ಬಿದ್ದಿದೆ. ತೆರೆದು ಓದಿದವರಿಲ್ಲ. ಇನ್ನು ತಾಸು ತೋರಿಸುವ ಮೀಟರು? ಗಾಡಿಯಲ್ಲಿ ಎಲ್ಲಕ್ಕಿಂತ ಮೊದಲು ಕೆಟ್ಟದ್ದೇ ಅದು. ಆದರೆ ಮಂದಿಯ ಹೊಲಕ್ಕೆ ಬಾಡಿಗೆ ಹೋದಾಗ ನೋಡಿ. ಮೊಬೈಲ್ ತೆಗೆದು ನಿಮಿಷಕ್ಕೆ ನಿಮಿಷ ಲೆಕ್ಕ ಹಾಕುತ್ತಾರೆ. ಎಂಜಿನ್ ದುಡಿದ ತಾಸು ಗೊತ್ತಿಲ್ಲ, ಬಾಡಿಗೆ ಬರಬೇಕಾದ ತಾಸು ಬಾಯಿಪಾಠ.

ಏರ್ ಫಿಲ್ಟರಿನ ಕಥೆ ಇನ್ನೂ ಛಂದ. ಹಳೆಯ ಗಾಡಿಗಳಲ್ಲಿ ಅದರ ತಳಕ್ಕೊಂದು ಬಟ್ಟಲು ಇರುತ್ತದೆ, ಬಟ್ಟಲಲ್ಲಿ ಆಯಿಲ್. ಗಾಳಿಯ ಜೊತೆ ಬಂದ ಧೂಳು ಅಲ್ಲಿ ಕೂರಬೇಕು. ನಮ್ಮ ಎರೆ ಹೊಲದಲ್ಲಿ ಬೇಸಿಗೆಯಲ್ಲಿ ರೋಟಾವೇಟರ್ ಹೊಡೆದರೆ ಮುಂದಿನ ಗಾಲಿಯೇ ಕಾಣದಷ್ಟು ಧೂಳು. ದಿನಾ ಸಂಜೆ ಬಟ್ಟಲು ಬಿಚ್ಚಿ, ಒಂದಿಷ್ಟು ಡೀಸೆಲ್ಲಿನಲ್ಲಿ ತೊಳೆದು, ಮತ್ತೆ ಆಯಿಲ್ ತುಂಬಿದರೆ ಮುಗಿಯಿತು. ತೊಳೆಯದಿದ್ದರೆ ಆ ಧೂಳೆಲ್ಲ ಸಿಲಿಂಡರಿಗೆ ಇಳಿಯುತ್ತದೆ. ರಿಂಗ್ ಸವೆಯುತ್ತದೆ. ಗಾಡಿ ಆಯಿಲ್ ಕುಡಿಯಲು ಶುರುಮಾಡುತ್ತದೆ. ಹೊಗೆ ನೀಲಿಯಾಗುತ್ತದೆ. ಕಡೆಗೊಂದು ದಿನ ಎಂಜಿನ್ ಪೂರ್ತಿ ಬಿಚ್ಚಬೇಕು. ಲೋಟ ಡೀಸೆಲ್ ಉಳಿಸಿದ ಜಾಣ ಆಗ ಸಾಲಕ್ಕಾಗಿ ಸೊಸೈಟಿಯ ಕಟ್ಟೆಯ ಮೇಲೆ ಕೂತಿರುತ್ತಾನೆ.

ಹೇಳಿ ನೋಡಿ ಬೇಕಾದರೆ.

“ಯಾಕ್ರೀ ಕಾಕಾ, ಆಯಿಲ್ ಬದಲಿ ಮಾಡ್ಸೂದಿಲ್ಲೇನ್ರಿ?”

“ಏ ತಮ್ಮಾ, ನಡ್ಯಾಕತ್ತೈತಲ್ಲ. ನಡ್ಯೂದಕ್ಕ ಯಾಕ ಕೈ ಹಚ್ಚಬೇಕು?”

ಗಾಡಿ ನಿಂತ ಮೇಲೆ ಅದೇ ಕಾಕಾ: “ನಿನ್ನೀತನಾ ಛಲೋ ಇತ್ತಲ್ಲೋ!”

ದುಡ್ಡಿಲ್ಲ ಎನ್ನುತ್ತೀರಾ? ಸುಳ್ಳು. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ರಸ್ತೆಗೆ ಬನ್ನಿ. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಡಬ್ಬಿ, ಆಕಾಶಕ್ಕೆ ಏರಿದ ಕಬ್ಬು. ಸೌಂಡ್ ಬಾಕ್ಸಿನ ಹಾಡು ಎರಡು ಮೈಲಿ ಆಚೆಗೂ ಕೇಳುತ್ತದೆ. ಹಿಂದಿನ ದೀಪ ಎರಡು ಮಾರು ದೂರದಿಂದಲೂ ಕಾಣುವುದಿಲ್ಲ. ದೀಪ ಇದ್ದರಲ್ಲವೇ ಕಾಣುವುದು! ಸ್ಟಿಕರಿಗೆ ದುಡ್ಡಿದೆ, ಬಣ್ಣದ ಎಲ್‌ಇಡಿಗೆ ದುಡ್ಡಿದೆ. ಬ್ರೇಕ್ ಲೈನರ್ ಎಂದರೆ ಮಾತ್ರ ಈ ಸಲ ಬೆಳೆ ಸರಿ ಬಂದಿಲ್ಲ.

ಜಾತ್ರೆಗೆ ಬಂದರೆ ಟ್ರ್ಯಾಕ್ಟರ್ ಜಗ್ಗುವ ಪಂದ್ಯ. ಎರಡು ಗಾಡಿಗಳನ್ನು ಬೆನ್ನಿಗೆ ಬೆನ್ನು ಕಟ್ಟಿ, ಮುಂದಿನ ಗಾಲಿ ಮುಗಿಲು ನೋಡುವ ತನಕ ರೇಸ್ ಮಾಡುತ್ತಾರೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂತೋ, ಕೇಕೆ. ಗೆದ್ದವನಿಗೆ ನಗದು ಬಹುಮಾನ, ಹೆಗಲಿಗೆ ಶಾಲು. ಆ ನಗದು ಸುಟ್ಟ ಪ್ಲೇಟಿಗೂ ಸಾಲದು.

ಇದು ಬಸವಣ್ಣ ಹುಟ್ಟಿದ ನೆಲ, ಎದೆ ಉಬ್ಬಿಸಿ ಹೇಳಿಕೊಳ್ಳುತ್ತೇವೆ. ಕಾಯಕದ ಬಗ್ಗೆ ಮೈಕ್ ಕೊಟ್ಟರೆ ತಾಸುಗಟ್ಟಲೆ ಮಾತಾಡುತ್ತೇವೆ. ಕಾಯಕ ಮಾಡುವ ಯಂತ್ರಕ್ಕೆ ಗ್ರೀಸ್ ಹಾಕುವ ಮಾತು ಆ ಭಾಷಣದಲ್ಲಿ ಬರುವುದಿಲ್ಲ. ನಮ್ಮ ಹಿರಿಯರು ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಲಾಳ ಸವೆದರೆ ಮೊದಲು ಲಾಳ, ಆಮೇಲೆ ಕೆಲಸ. ಹೆಗಲು ಹುಣ್ಣಾಗಿದ್ದರೆ ನೊಗ ಇಡುತ್ತಿರಲಿಲ್ಲ. ಕಾರಹುಣ್ಣಿಮೆಯ ಕೋಡಿನ ಬಣ್ಣಕ್ಕೆ ಹಿಂದೆ ವರ್ಷದುದ್ದದ ಜೋಪಾನ ಇತ್ತು. ಎತ್ತು ಮಾರಿ ಟ್ರ್ಯಾಕ್ಟರ್ ತಂದವರು ಅದೇ ಸಂತೆಯಲ್ಲಿ ಸೋಮವಾರವನ್ನೂ ಮಾರಿ ಬಂದರು. ಬಣ್ಣ ಮಾತ್ರ ಉಳಿಸಿಕೊಂಡರು.

ರೈತನನ್ನೇ ಬೈದರೆ ನ್ಯಾಯವಲ್ಲ. ಅವನಿಗೆ ಗುರುಗಳಿದ್ದಾರೆ, ವಿಧಾನಸೌಧದಲ್ಲಿ.

ಉಪಕರಣ ಕೊಳ್ಳಲು ಶೇ 50ರಿಂದ 90ರವರೆಗೆ ಸಹಾಯಧನ. ಕೊಳ್ಳಲಾಗದವರಿಗೆ 2014-15ರಿಂದ ಕೃಷಿ ಯಂತ್ರಧಾರೆ, ಹೋಬಳಿ ಮಟ್ಟದಲ್ಲಿ ಬಾಡಿಗೆ ಕೇಂದ್ರ. ಬೇಡ ಎನ್ನುವವರು ಯಾರು? ವಿತರಣೆಯ ದಿನ ಸಾಹೇಬರು ಸ್ಟೇರಿಂಗ್ ಹಿಡಿದು ಕೂರುತ್ತಾರೆ, ಫೋಟೊ ಬರುತ್ತದೆ. ಆದರೆ ಬೇರಿಂಗ್ ಬದಲಿಸಿದ ದಿನ ಫೋಟೊ ಇಲ್ಲ. ಗ್ರೀಸ್ ಗನ್ ಹಿಡಿದ ಮಂತ್ರಿಯನ್ನು ಯಾವ ಪತ್ರಿಕೆಯಲ್ಲಾದರೂ ಕಂಡಿದ್ದೀರಾ? ರಿಬ್ಬನ್ ಕತ್ತರಿಸಲು ಬರುತ್ತದೆ, ಗ್ರೀಸ್ ಕತ್ತರಿಸಲು ಬರುವುದಿಲ್ಲ. ಅಷ್ಟೇ ಸಮಸ್ಯೆ.

ಆಲಮಟ್ಟಿ ನಮ್ಮ ಬಗಲಲ್ಲೇ ಇದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಅಣೆಕಟ್ಟು. 26 ಗೇಟುಗಳು. ಎತ್ತರವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ನಮ್ಮ ಪ್ರತಿ ಚುನಾವಣೆಯ ಊಟದ ಉಪ್ಪಿನಕಾಯಿ. ಕೃಷ್ಣೆ ತುಂಬಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಕೊಡುತ್ತಾರೆ. ಸೀರೆ, ಬಳೆ, ಅರಿಸಿನ. ಕೊಡಲಿ. ಆ ಗೇಟು ಎತ್ತಿಳಿಸುವ ಹಗ್ಗ, ಮೋಟಾರು, ಗೇರುಗಳ ಬಗ್ಗೆ ಒಂದೇ ಒಂದು ಭಾಷಣ ಕೇಳಿದವರಿದ್ದರೆ ಕೈ ಎತ್ತಿ.

ಇದು ಕಿರಿಕಿರಿಯ ಮಾತಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಯಿತು. ಗೇಟು ನೀರಿನ ಜೊತೆ ಹೋಯಿತು. ಆಗ ನೆನಪಾದವರು ವಯಸ್ಸಾದ ಗೇಟು ತಜ್ಞ ಕನ್ನಯ್ಯ ನಾಯ್ಡು. ಅವರೂ ಕೆಲಸಗಾರರೂ ಸೇರಿ, ನೀರು ಧುಮುಕುತ್ತಿದ್ದಾಗಲೇ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ಬಾಯಿ ಮುಚ್ಚಿದರು. ಅದು ದೊಡ್ಡ ಗೆಲುವು, ಸಂಶಯವಿಲ್ಲ. ಮುಂದಿನ ವರ್ಷ ಹಳೆಯ ಗೇಟುಗಳನ್ನು ನಂಬಲಾರದೆ ಜಲಾಶಯದಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಿಕೊಂಡದ್ದನ್ನು ಯಾವ ಖಾತೆಗೆ ಬರೆಯೋಣ? 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟು ಅದು. ಅಲ್ಲೂ ಇದೇ ಮಂತ್ರ: ನಡ್ಯಾಕತ್ತೈತಲ್ಲ.

ನಮ್ಮ ಊರುಗಳಲ್ಲಿ ಈ ಮಂತ್ರದಿಂದ ಕೆಟ್ಟ ಗಾಡಿಗಳೆಲ್ಲ ಕಡೆಗೆ ಮಿಸ್ತ್ರಿಯ ಅಂಗಳಕ್ಕೆ ಬರುತ್ತವೆ. ಬೇವಿನ ಮರ, ತಗಡಿನ ನೆರಳು, ಎಣ್ಣೆ ಕುಡಿದ ಮಣ್ಣು. ಗಾಡಿ ದೂರದಿಂದ ಬರುವಾಗಲೇ ಸಪ್ಪಳ ಕೇಳಿ ಯಾವ ಬೇರಿಂಗ್ ಹೋಗಿದೆ ಎಂದು ಮಿಸ್ತ್ರಿ ಹೇಳಬಲ್ಲ. ಸಾಮಾನು ಸೊಲ್ಲಾಪುರದಿಂದ ಬರಬೇಕು, ಬಸ್ಸಿನ ಕಂಡಕ್ಟರ್ ಕೈಯಲ್ಲಿ. ಬರದಿದ್ದರೆ ಲೇಥಿನವನ ಹತ್ತಿರ ಒಂದು ಬುಶ್ ಕಡೆಸಿ ಕೂರಿಸುತ್ತಾನೆ. ಸಂಜೆ ಹೊತ್ತಿಗೆ ಎಂಜಿನ್ ಹಿಡಿಯುತ್ತದೆ. ಆ ಮೊದಲ ಹೊಗೆಗೆ ಅವನ ಮುಖ ನೋಡಬೇಕು ನೀವು.

ಮಾಲಕನ ಮುಖವನ್ನೂ ನೋಡಿ. “ಬರೇ ಒಂದ್ ಬುಶ್ ಕುಂಡ್ರಿಸಿದ್ದಕ್ಕ ಇಷ್ಟೇನೋ?” ಪಂದ್ಯಕ್ಕೆ ಡೀಸೆಲ್ ಸುರಿದಾಗ ಈ ಪ್ರಶ್ನೆ ಹುಟ್ಟಿರಲಿಲ್ಲ. ಹಬ್ಬಕ್ಕೆ ಸೌಂಡ್ ಬಾಕ್ಸ್ ತಂದಾಗಲೂ ಹುಟ್ಟಿರಲಿಲ್ಲ. ಕೈ ಕರ್ರಗಾದವನ ಮುಂದೆ ಮಾತ್ರ ನಮಗೆ ಲೆಕ್ಕ ನೆನಪಾಗುತ್ತದೆ.

ನಾಲ್ಕು ಊರಿಗೊಬ್ಬ ಬೇರೆ ಥರದವನೂ ಇರುತ್ತಾನೆ. ಮೀಟರ್ ಕೆಟ್ಟರೂ ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾಸು ಬರೆದಿಡುತ್ತಾನೆ. ನಸುಕಿನಲ್ಲಿ ಎದ್ದು ನಿಪ್ಪಲ್ಲಿಗೆ ಗ್ರೀಸ್ ಹೊಡೆಯುತ್ತಾನೆ. ಊರಿಗೆ ಅವನೊಂದು ನಗೆ. ಹಿಂಗಾರಿ ಮಳೆ ಬಿದ್ದು ಬಿಳಿಜೋಳ ಬಿತ್ತುವ ಹದ ಬರಲಿ. ಹದ ಯಾರಿಗೂ ಕಾಯುವುದಿಲ್ಲ. ಅರ್ಧ ಊರಿನ ಗಾಡಿ ಮಿಸ್ತ್ರಿಯ ಅಂಗಳದಲ್ಲಿ, ಇವನದು ಹೊಲದಲ್ಲಿ. ನಕ್ಕವರೆಲ್ಲ ಅವನ ಬಾಗಿಲಲ್ಲಿ ಸಾಲುಗಟ್ಟುತ್ತಾರೆ. ಅವನ ಗೋಡೆಯ ಲೆಕ್ಕವನ್ನು ಯಾರೂ ತಿರುಗಿ ನೋಡುವುದಿಲ್ಲ.

“ಅವನ ನಸೀಬು ಬಿಡ್ರಿ. ಕಂಪನಿಯವ್ರು ಛಲೋ ಗಾಡಿ ಕೊಟ್ಟಾರ ಅವಗ.”

ಹೋಗುವಾಗ ಅವನ ಗ್ರೀಸ್ ಗನ್ ಕೇಳಿ ಒಯ್ಯುತ್ತಾರೆ. ಟ್ರ್ಯಾಕ್ಟರಿಗಲ್ಲ. ಮನೆಯ ತಲಬಾಗಿಲು ಕಿರುಗುಡುತ್ತಿದೆಯಂತೆ.