ಒಬ್ರೇನಾ?

ಹಳೆಯ ಕಡಲೂರಿನ ಲಾಡ್ಜಿನ ಯಜಮಾನರು ಗಿರಾಕಿಯ ಮುಖ ನೋಡುವ ಮೊದಲು ಅವನ ಬೆನ್ನ ಹಿಂದೆ ನೋಡುತ್ತಾರೆ. ಆಟೊದ ಒಳಗೆ, ಗೇಟಿನ ಆಚೆ ಕಣ್ಣಾಡಿಸಿ, ಇನ್ನು ಯಾರೂ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕೇಳುತ್ತಾರೆ: "ಒಬ್ರೇನಾ?" ಕುಮಟೆ, ಹೊನ್ನಾವರ, ಕಾರವಾರದ ಕಡೆಯೆಲ್ಲ ಈ ತಳಿ ಇನ್ನೂ ಉಳಿದಿದೆ. ನನ್ನ ಪಾಲಿಗೆ ಬಂದವರು ಗೋಕರ್ಣದ ಭಟ್ರು. ಅಲ್ಲಿ ಬರೀ 'ಭಟ್ರು' ಎಂದರೆ ಯಾರ ಗುರುತೂ ಹತ್ತುವುದಿಲ್ಲ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕುಡ್ಲೆ, ಓಂ ಬೀಚುಗಳ ಕಡೆ ಒಂಟಿಯಾಗಿ ಬರುವವರಿಗೇನೂ ಬರವಿಲ್ಲ. ದೂರದೇಶದ ಹುಡುಗಿಯೊಬ್ಬಳು ಅಲ್ಲಿ ವಾರಗಟ್ಟಲೆ ಉಳಿದರೂ ಯಾಕೆ ಬಂದೆ ಎಂದು ಕೇಳುವವರಿಲ್ಲ. ಗುಡ್ಡ ಇಳಿದು ರಥಬೀದಿಗೆ ಬಂದರೆ ಕಾನೂನೇ ಬೇರೆ. ಯಾತ್ರಿಕರು ಪುರೋಹಿತರ ಮನೆಗಳಲ್ಲಿ ಇಳಿದುಕೊಳ್ಳುತ್ತಿದ್ದ ಊರು ಅದು. ಯಾತ್ರಿಕರೆಂದರೆ ಹಿಂಡು, ಹಿಂಡಿಗೊಂದು ಕಾರಣ. ಕೋಟಿತೀರ್ಥದ ಸ್ನಾನವೋ ಮಹಾಬಲೇಶ್ವರನ ದರ್ಶನವೋ ಪಿತೃಕಾರ್ಯವೋ, ಏನಾದರೊಂದು ಇರಲೇಬೇಕು. ಭಟ್ರ ರಿಜಿಸ್ಟರಿನಲ್ಲಿ 'ಬಂದ ಉದ್ದೇಶ' ಎಂಬ ಕಾಲಮ್ಮಿನಲ್ಲಿ ನಾನು 'ಸುಮ್ಮನೆ' ಎಂದು ಬರೆದೆ. ಅವರು ಕನ್ನಡಕ ಹಾಕಿ ಓದಿದರು, ಕನ್ನಡಕ ತೆಗೆದು ನನ್ನನ್ನು ನೋಡಿದರು, ಆಮೇಲೆ ಪೆನ್ನು ಇಸಿದುಕೊಂಡು ಅದನ್ನು ಹೊಡೆದುಹಾಕಿ 'ದೇವದರ್ಶನ' ಎಂದು ದುಂಡಗೆ ಬರೆದರು.

"ಮದುವೆ ಆಗಿದ್ಯಾ?"

"ಆಗಿದೆ."

"ಮತ್ತೆ ಅವ್ರೆಲ್ಲಿ? ಜಗಳವಾ?"

"ಇಲ್ಲ ಭಟ್ರೇ. ಅವಳೇ ಹೋಗಿ ಬನ್ನಿ ಅಂದಳು."

ಇದರಿಂದ ಅವರ ಅನುಮಾನ ಇಮ್ಮಡಿಯಾಯಿತು.

ಭಟ್ರ ಬಾಯಲ್ಲಿ ಸದಾ ಎಲೆಅಡಿಕೆಯ ಕವಳ. ಕವಳ ತುಂಬಿದಾಗಲೇ ಅವರಿಗೆ ಮುಖ್ಯ ಪ್ರಶ್ನೆಗಳು ಹೊಳೆಯುವುದು. ರಸ ಚೆಲ್ಲದಂತೆ ಮುಖ ಆಕಾಶಕ್ಕೆತ್ತಿ, ಕೆಳತುಟಿ ಮುಂದೆ ಚಾಚಿ ಕೇಳುವಾಗ ವ್ಯಂಜನಗಳೆಲ್ಲ ಒಳಗೇ ಉಳಿದು ಸ್ವರಗಳು ಮಾತ್ರ ಹೊರಗೆ ಬರುತ್ತವೆ. "ಆಅ ಇಎಆ?" ಎಂದರೆ "ಸಾಲ ಇದೆಯಾ?" ಎಂದು ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು.

ಬಿಸಿನೀರಿಗೆ ಹೊತ್ತು ಗೊತ್ತು, ಗೇಟಿಗೆ ಒಂಬತ್ತಕ್ಕೆ ಬೀಗ, ಫ್ಯಾನಿನ ಸದ್ದಿಗೆ ನಾವೇ ಹೊಂದಿಕೊಳ್ಳಬೇಕು. ಇವೆಲ್ಲ ಇರುವಂಥದ್ದೇ, ಬಿಡಿ. ಆದರೆ ಆ ಸಂಜೆಯ ಕಥೆ ಬಿಡುವಂಥದ್ದಲ್ಲ.

ಊರಿನ ಬೀಚಿನ ತೆಂಕಣ ತುದಿಯಲ್ಲಿ, ರಾಮತೀರ್ಥದ ಗುಡ್ಡದ ಕೆಳಗೆ ಬಂಡೆಗಳಿವೆ. ಅಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದೆ. ಮೊದಲು ಲಾಡ್ಜಿನ ಮಾಣಿ ಬಂದ. "ಚಾ ಕುಡೀತ್ರಾ ಕೇಳಿ ಬಾ ಅಂದ್ರು." ಚಾ ಎಲ್ಲಪ್ಪ ಎಂದರೆ, "ತಂದಿಲ್ಲ. ಕೇಳಿ ಬಾ ಅಂದಿದ್ದಷ್ಟೇ." ಅವನು ಹೋದ ಮೇಲೆ, ರಥಬೀದಿಯಲ್ಲಿ ತರಕಾರಿ ಮಾರಿ ಮನೆಗೆ ಹೊರಟಿದ್ದ ಹಾಲಕ್ಕಿ ಹೆಂಗಸೊಬ್ಬಳು ಬುಟ್ಟಿ ಇಳಿಸಿ, ಕತ್ತಿನ ತುಂಬ ಇದ್ದ ಮಣಿಸರ ಸರಿಮಾಡಿಕೊಂಡು, ಸ್ವಲ್ಪ ದೂರದಲ್ಲಿ ಕೂತಳು. ನನ್ನನ್ನೇ ನೋಡುತ್ತ, "ಕತ್ಲಾಯ್ತು, ಏಳು ಅಣ್ಣಾ" ಎಂದಳು. ಕತ್ತಲಾಗಿರಲಿಲ್ಲ, ಸೂರ್ಯ ನೀರಿನಿಂದ ಮೊಳದೆತ್ತರದಲ್ಲಿದ್ದ. ಅಷ್ಟರಲ್ಲಿ ಲೈಫ್‌ಗಾರ್ಡ್ ಸೀಟಿ ಊದಿದ. ಕೊನೆಗೆ ಸ್ವತಃ ಭಟ್ರು! ಪಂಚೆ ಮೇಲೆತ್ತಿ ಕಟ್ಟಿ, ಹಗಲು ಬೆಳಕಿನಲ್ಲೇ ಟಾರ್ಚು ಹಿಡಿದು, ಮರಳಿನಲ್ಲಿ ಓಡಲೂ ಆಗದೆ ನಡೆಯಲೂ ಆಗದೆ ಬರುತ್ತಿದ್ದರು. ಏದುಸಿರು ಬಿಡುತ್ತಲೇ ಕೈಚಾಚಿದರು. "ಆ ಪುಸ್ತಕ ಕೊಡಿ ಇಲ್ಲಿ. ಎಂತ ಬರೀತಿದ್ರಿ? ಯಾರಿಗೆ?"

ಒಬ್ಬರೇ ಬಂದವರಿಗೆ ಕೋಣೆ ಕೊಡಲು ಕ್ಷೇತ್ರಗಳಲ್ಲಿ ಹಿಂದೆಮುಂದೆ ನೋಡುತ್ತಾರೆಂದು ಕೇಳಿದ್ದೆ. ಎದುರಿಗೆ ಸಮುದ್ರವೂ ಇದ್ದರೆ ಕೇಳಬೇಕೆ? ನೋಟ್‌ಬುಕ್ ಕೊಟ್ಟೆ. ಭಟ್ರು ಟಾರ್ಚು ಬಿಟ್ಟು ಗಟ್ಟಿಯಾಗಿ ಓದಿದರು: "ಎಳನೀರು ಎರಡು. ಬನ್ಸ್ ಒಂದು ಪ್ಲೇಟು. ಸ್ಟೇಷನ್ನಿಂದ ಆಟೊ..." ಅಲ್ಲಿ ನಿಂತರು. "ಆಟೊಕ್ಕೆ ಇಷ್ಟು ಕೊಟ್ರಾ? ಗೋಕರ್ಣ ರೋಡಿಂದ ಹತ್ತು ಕಿಲೋಮೀಟರಿಗೆ?" ಆಮೇಲೆ ಹಾಲಕ್ಕಿಯವಳ ಕಡೆ ತಿರುಗಿ, "ಎಂತ ಇಲ್ಲ, ನೀ ಹೋಗು. ಸಾಯೂಕೆ ಬಂದವ ಬನ್ಸಿನ ಲೆಕ್ಕ ಬರೆಯೂದಿಲ್ಲ" ಎಂದರು. ವಾಪಸ್ಸು ಬರುವ ದಾರಿಯುದ್ದಕ್ಕೂ ಆಟೊ ಬಾಡಿಗೆಯ ಮೇಲೆ ಬೈಗುಳ ತಿಂದೆ. ಕೈಯಲ್ಲಿ ಪುಸ್ತಕ ಹಿಡಿದು ಸಮುದ್ರದ ಎದುರು ಕೂತು ಕವಿಯಂತೆ ಕಾಣುವ ಆಸೆ ಸ್ವಲ್ಪ ಇತ್ತು ನನಗೆ. ಅದೂ ಹೋಯಿತು.

ಅಂದು ರಾತ್ರಿ ಊಟಕ್ಕೆ ಅಪ್ಪೆಹುಳಿ. ಮನೆಯ ಅಮ್ಮನವರು ಬಡಿಸುತ್ತಿದ್ದರು. ಭಟ್ರ ಊಟ ಆಗಲೇ ಮುಗಿದಿದ್ದರೂ, ಒಬ್ಬರೇ ಉಣ್ಣಬಾರದು ಎಂದು ಎದುರಿಗೆ ಕೂತು ನನ್ನ ಒಂದೊಂದು ತುತ್ತನ್ನೂ ನೋಡುತ್ತಿದ್ದರು. "ರಾವಣನನ್ನೇ ನೋಡಿ ಮಾರಾಯ್ರೆ. ಆತ್ಮಲಿಂಗ ಹಿಡ್ಕಂಡು ಒಬ್ಬನೇ ಬಂದ. ಸಂಧ್ಯಾವಂದನೆಗೆ ಹೊತ್ತಾಯ್ತು, ಲಿಂಗ ಹಿಡಿಯೂಕೆ ಜನ ಇಲ್ಲ. ಗುರ್ತಿಲ್ಲದ ಮಾಣಿ ಕೈಲಿ ಕೊಟ್ಟ. ತಮ್ಮನನ್ನಾದ್ರೂ ಕರ್ಕಂಡು ಬಂದಿದ್ರೆ ಲಿಂಗ ಲಂಕೆಗೆ ಮುಟ್ತಿತ್ತು."

"ಮುಟ್ಟಿದ್ದರೆ ನಿಮ್ಮ ಲಾಡ್ಜು ಎಲ್ಲಿರುತ್ತಿತ್ತು ಭಟ್ರೇ?"

ಅಮ್ಮನವರು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಭಟ್ರು ಹೊಸ ಕವಳ ಕಟ್ಟಲು ಕೂತರು.

ಹೊರಡುವ ಹಿಂದಿನ ರಾತ್ರಿ ಕರೆಂಟು ಹೋಗಿತ್ತು. ಜಗಲಿಯಲ್ಲಿ ಕೂತಿದ್ದಾಗ ಭಟ್ರು ಎದ್ದು ಅಂಗಳಕ್ಕೆ ಹೋಗಿ ಕವಳ ಉಗಿದು, ಬಾಯಿ ಮುಕ್ಕಳಿಸಿ ಬಂದರು. ಮೊದಲ ಸಲ ವ್ಯಂಜನಗಳು ಸ್ಪಷ್ಟವಾಗಿ ಕೇಳಿದವು.

"ತಮಾ, ಒಬ್ರೇ ರೈಲಲ್ಲಿ ಹೋದ್ರೆ ಬಾತ್‌ರೂಮಿಗೆ ಹೋಗುವಾಗ ಚೀಲ ಯಾರು ನೋಡ್ಕಳ್ತ್ರು?"

ಆಮೇಲೆ ಒಂದೊಂದಾಗಿ ಬಂದವು. ಕಾಶಿಯಲ್ಲಿ ಒಬ್ಬರಿಗೆ ಕೋಣೆ ಕೊಡುತ್ತಾರಾ? ಎದುರಿಗೆ ಯಾರೂ ಇಲ್ಲದೆ ಅನ್ನ ಗಂಟಲಲ್ಲಿ ಇಳಿಯುತ್ತದಾ? ದಕ್ಷಿಣಕಾಶಿಯಲ್ಲಿ ಕೂತು ಊರೂರಿನವರಿಗೆ ಕೋಣೆ ಕೊಟ್ಟವರು ಉತ್ತರದ ಕಾಶಿಯನ್ನು ಕಂಡಿರಲಿಲ್ಲ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾಗಿ ಓಡಲು ಶುರುವಾಯಿತು. ಅಲ್ಲಿಂದೀಚೆಗೆ ಭಟ್ರು ಅದನ್ನು ಹತ್ತಿದ್ದು ಮಂಗಳೂರಿನ ಆಸ್ಪತ್ರೆಗೆ ಹೋಗುವಾಗ ಮಾತ್ರ, ಅದೂ ಮಗ, ಅಳಿಯ, ಭಾವ ಎಲ್ಲರ ಸಮೇತ. ಅಷ್ಟು ಹೊತ್ತೂ ಕೇಳಿದ ಪ್ರಶ್ನೆಗಳಲ್ಲಿ ಎಷ್ಟು ಅನುಮಾನವಿತ್ತು, ಎಷ್ಟು ಹೊಟ್ಟೆಕಿಚ್ಚಿತ್ತು ಎಂದು ಆಗ ಲೆಕ್ಕ ಹಾಕಿದೆ.

ರೈಲಿನಲ್ಲಿ ಹಿರಿಯರ ಲೋವರ್ ಬರ್ತ್ ಕೋಟಾ ಇದೆ ಎಂದು ಹೇಳಿದೆ. ಗಂಡಸರಿಗೆ 60 ತುಂಬಿರಬೇಕು; ಒಬ್ಬರೇ ಅಥವಾ ಇಬ್ಬರು ಹೋಗುವುದಾದರೆ ಮಾತ್ರ. ಮೂರನೆಯವರು ಅದೇ ಟಿಕೆಟಿಗೆ ಸೇರಿದರೆ ಆ ಕೋಟಾ ಸಿಗದು. "ಹಾಂ? ಒಬ್ರೇ ಹೋದ್ರೆ ಲಾಭವಾ?" ಎಂದು ಕತ್ತಲಲ್ಲೇ ಎದ್ದು ಕೂತರು. ಸರಕಾರವೊಂದು ರಾವಣನ ಪಕ್ಷ ವಹಿಸಿದ್ದು ಅವರಿಗೆ ನಂಬಲಾಗಲಿಲ್ಲ. ನನ್ನ ಕೈಲೇ ಚೀಟಿಯಲ್ಲಿ ಬರೆಸಿಕೊಂಡರು.

ಮಳೆಗಾಲ ಕಳೆದ ಮೇಲೆ ಒಂದು ದಿನ ಭಟ್ರ ಫೋನು. ಕಾಶಿಗೆ ಟಿಕೆಟ್ ಆಗಿದೆ. ಸುದ್ದಿ ತಿಳಿದು ಭಾವ ಹೊರಟರು, ಭಾವನ ತಂಗಿ ಹೊರಟರು, ಪಕ್ಕದ ಮನೆಯ ದಂಪತಿ ಹೊರಟರು. ಹೀಗೆ ಸೇರುತ್ತ ಸೇರುತ್ತ ಒಟ್ಟು ಏಳು ಜನ, ಟಿಕೆಟ್ ಎರಡು. ಲೋವರ್ ಬರ್ತ್ ಒಂದೂ ಸಿಕ್ಕಿಲ್ಲ.