ಗೋಧಿ ಒಗ್ಗದವರ ಬೀಗರೂಟ

ಗೋಧಿ ಒಗ್ಗದವರಿಗೆ ಮಂಡ್ಯದ ಮದುವೆಯಲ್ಲಿ ಮೊದಲ ದಿನ ಉಪವಾಸ, ಬೀಗರೂಟದ ದಿನ ಹಬ್ಬ. ಧಾರೆಯ ದಿನದ ಎಲೆಗೆ ಪೂರಿ, ಚಿರೋಟಿ, ಹೋಳಿಗೆ, ಶಾವಿಗೆ ಪಾಯಸ ಸಾಲಾಗಿ ಬಂದು ಕೂರುತ್ತವೆ. ಎಲ್ಲವೂ ಗೋಧಿಯ ದಾಯಾದಿಗಳೇ. ಬೀಗರೂಟದಲ್ಲಿ ಬೀಳುವುದು ಬಿಸಿ ಮುದ್ದೆ, ಪಕ್ಕಕ್ಕೆ ಮಟನ್ ಸಾರು. ಇಷ್ಟಿದ್ದೂ ಡಾಕ್ಟರು ‘ಗೋಧಿ ಬಿಡಿ’ ಎಂದ ತಕ್ಷಣ ನಾಗಮಂಗಲದಿಂದ ಶ್ರೀರಂಗಪಟ್ಟಣದ ತನಕ ಮನೆಮಂದಿಯ ಮುಖ ಸಪ್ಪಗಾಗುತ್ತದೆ. ‘ಇನ್ನೇನ್ ತಿನ್ನೋದು?’ ಎನ್ನುತ್ತ ಮೊಬೈಲಿನಲ್ಲಿ ಕಿನೋವಾ, ಬಾದಾಮಿ ಹಿಟ್ಟು ಹುಡುಕುತ್ತಾರೆ. ಬಾದಾಮಿ ಹಿಟ್ಟಿನ ಬೆಲೆ ನೋಡಿದರೆ ಗೋಧಿಯ ತುರಿಕೆಯೇ ವಾಸಿ ಅನ್ನಿಸುತ್ತದೆ. ನನ್ನ ವಾದ ಇಷ್ಟೇ: ಈ ಸೀಮೆಯಲ್ಲಿ ಗೋಧಿಗೆ ಬದಲಿ ಹುಡುಕುವುದು ತಲೆಕೆಳಗಾದ ಲೆಕ್ಕ. ಇಲ್ಲಿ ಬದಲಿಯಾಗಿ ಬಂದದ್ದೇ ಗೋಧಿ.

ಹೊಲಗದ್ದೆಗಳನ್ನೇ ಕೇಳಿ ನೋಡಿ. ಕನ್ನಂಬಾಡಿ ನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ಭತ್ತ, ಕಬ್ಬು. ಮಳೆ ನಂಬಿದ ನಾಗಮಂಗಲದಲ್ಲಿ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು. ಕೆ.ಆರ್. ಪೇಟೆಯಲ್ಲಿ ಅದೂ ಉಂಟು, ಇದೂ ಉಂಟು. ಗೋಧಿ ಹೊಲ ನೋಡಲೇಬೇಕೆಂದರೆ ಧಾರವಾಡದ ಕಡೆಗೆ ರೈಲು ಹತ್ತಬೇಕು. 1960ರ ದಶಕದ ಬರಗಾಲದಲ್ಲಿ ಪಿಎಲ್-480 ಯೋಜನೆಯಡಿ ಅಮೆರಿಕದ ಗೋಧಿ ಹಡಗು ಹಡಗಾಗಿ ದೇಶಕ್ಕೆ ಬಂತು. ಆಮೇಲೆ ‘ಶುಗರ್ ಬಂದವರು ಚಪಾತಿ ತಿನ್ನಿ’ ಎಂಬ ಮಾತು ವೇದವಾಯಿತು. ಅತ್ತ ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಕುದುರಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಯಲ್ಲಿ ಗ್ಲುಟನ್ ಎಂಬ ಗೋಧಿಯ ಅಂಟು ಪ್ರೋಟೀನು ಇಲ್ಲ. 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದಂಶವಿದೆ, ಗೋಧಿಯದರ ಹಲವು ಪಟ್ಟು. ಗೋಧಿ ಬಿಟ್ಟರೆ ಮಕ್ಕಳು ಸೊರಗುತ್ತಾರೆ ಎನ್ನುವವರಿಗೆ ಹಾಲೆಂಡಿನ ಕಥೆಯಿದೆ: 1944-45ರ ಚಳಿಗಾಲದಲ್ಲಿ ಅಲ್ಲಿ ಬ್ರೆಡ್ಡಿಗೆ ತತ್ವಾರವಾದಾಗ, ಸೀಲಿಯಾಕ್ ಎಂಬ ಕರುಳುಬೇನೆಯ ಮಕ್ಕಳು ಚೇತರಿಸಿಕೊಂಡದ್ದನ್ನು ಮಕ್ಕಳ ವೈದ್ಯ ವಿಲೆಮ್ ಡಿಕೆ ಗಮನಿಸಿದರು. ಸೀಲಿಯಾಕ್ ಬೇರೆ, ಗೋಧಿ ಅಲರ್ಜಿ ಬೇರೆ. ಗೋಧಿಯನ್ನಂತೂ ಎರಡಕ್ಕೂ ಬಿಡಲೇಬೇಕು.

‘ರಾಗಿಯನ್ನು ಚಪಾತಿಯ ಹಾಗೆ ಲಟ್ಟಿಸೋಕಾಗುತ್ತಾ, ಹರಿದುಹೋಗುತ್ತೆ’ ಎಂಬ ತಕರಾರು ನಿಜವೇ. ಗೋಧಿ ಹಿಟ್ಟನ್ನು ಎಳೆದಷ್ಟೂ ಎಳೆಸುವ ಅಂಟು ಆ ಗ್ಲುಟನ್ನಿನದೇ. ಆದರೆ ಲಟ್ಟಿಸಿ ಅಂದವರು ಯಾರು? ಎಸರು ಕೊತಕೊತ ಕುದಿಯುವಾಗ ಹಿಟ್ಟು ಸುರಿದು, ಬೇಯಲು ಬಿಟ್ಟು, ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ಒದ್ದೆ ಕೈಯಲ್ಲಿ ಕಟ್ಟಿದರೆ ಪಿಷ್ಟವೇ ಉಬ್ಬಿ ಅಂಟಾಗುತ್ತದೆ. ರೊಟ್ಟಿಗೂ ಬಿಸಿನೀರೇ ಉಪಾಯ. ಉಪ್ಪಿಟ್ಟಿಗೆ ಅಕ್ಕಿ ತರಿ ಉಂಟು; ಸಿಹಿಗೆ ಕಾಯಿಹಾಲು ಸುರಿದ ಅಕ್ಕಿಯ ಒತ್ತು ಶಾವಿಗೆ ಉಂಟು, ಅದರ ಮುಂದೆ ಚಿರೋಟಿ ಬರೀ ಗರಿಗರಿ ಸದ್ದು. ಹಾಗಂತ ರಾಗಿಯೇ ಸರ್ವರೋಗಕ್ಕೂ ಮದ್ದೆಂದು ಕುಣಿಯುವ ಮಿಲೆಟ್ ಭಕ್ತರ ಪಂಗಡಕ್ಕೆ ನಾನು ಸೇರಿದವನಲ್ಲ. ನುಣ್ಣಗೆ ಬೀಸಿದ ರಾಗಿಯ ಗಂಜಿ ಸಕ್ಕರೆಯನ್ನು ಸರಾಗವಾಗಿ ಏರಿಸಬಲ್ಲದು. ಮುದ್ದೆಯೊಂದೇ ಸಾಲದು, ಪ್ರೋಟೀನಿಗೆ ಹುರುಳಿಯೋ ಅವರೆಯೋ ಬೇಕು. ಉಪ್ಸಾರು, ಬಸ್ಸಾರು ಹುಟ್ಟಿದ್ದೇ ಆ ಕೊರತೆ ತುಂಬಲು ಎನ್ನಿಸುವಷ್ಟು ಚೆನ್ನಾಗಿ ಹೊಂದುತ್ತವೆ.

ಗಟ್ಟಿಯಾದ ತಕರಾರು ಬೇರೆ ಇದೆ: ಗೋಧಿ ಕಣ್ಣಿಗೆ ಕಾಣದಂತೆಯೂ ಬರುತ್ತದೆ. ಹಿಟ್ಟಿನ ಗಿರಣಿಯಲ್ಲಿ ನಿಮ್ಮ ರಾಗಿಗೆ ಮುಂಚೆ ಇನ್ನೊಬ್ಬರ ಗೋಧಿ ಬಿದ್ದಿದ್ದರೆ ಕಲ್ಲಿನಲ್ಲಿ ಉಳಿದದ್ದೆಲ್ಲ ನಿಮ್ಮ ಡಬ್ಬಕ್ಕೇ ಇಳಿಯುತ್ತದೆ. ರಾಗಿಗೆ ಬೇರೆ ಮಿಷನ್ನಿರುವ ಗಿರಣಿಗೆ ಎರಡು ಮೈಲಿ ಹೆಚ್ಚು ನಡೆದರೂ ನಷ್ಟವಿಲ್ಲ. ಅದಕ್ಕಿಂತ ಕಳ್ಳ ಇಂಗು. ಅಂಗಡಿಯ ಡಬ್ಬಿಯಲ್ಲಿರುವುದು ಬರಿಯ ಇಂಗಲ್ಲ. ಅದರ ಘಾಟು ತಗ್ಗಿಸಲು ಗೋಂದು, ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಎಷ್ಟೋ ಸಲ ಗೋಧಿಯದೇ. ಮುದ್ದೆ ಶುದ್ಧವಾಗಿದ್ದು ಸಾರಿನ ಒಗ್ಗರಣೆಯಲ್ಲಿ ಗೋಧಿ ಅಡಗಿ ಕೂತರೆ ಪಥ್ಯವೆಲ್ಲ ನೀರುಪಾಲು. ಅಡುಗೆ ಭಟ್ಟರೇ, ಒಗ್ಗರಣೆಗೆ ಕೈ ಹಾಕುವ ಮುನ್ನ ಡಬ್ಬಿಯ ಬೆನ್ನನ್ನೊಮ್ಮೆ ಓದಿ. ಗೋಧಿ ಬೆರೆಸಿದ್ದರೆ ಕಾನೂನಿನ ಪ್ರಕಾರ ಅಲ್ಲಿ ನಮೂದಿಸಲೇಬೇಕು.